ಅಪ್ಪನನ್ನು ಮೂಗಿನ ಟ್ಯೂಬ್ ಸಮೇತ ಮನೆಗೆ ಕಳಿಸುತ್ತಿದ್ದಾರೆ. ಊಟದ ವ್ಯವಸ್ಥೆ ಹೇಗೆ ಮಾಡಿಕೊಳ್ಳುವುದು?

ಕತ್ರಿಗುಪ್ಪೆ ವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಅಪ್ಪನಿಗೆ 71 ವರ್ಷ. ಮೂರು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ, ಆದರೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ನುಂಗುವುದಕ್ಕೆ ಮಾತ್ರ ಆಗುತ್ತಿಲ್ಲ. ಒಂದು ಚಮಚ ನೀರು ಕೊಟ್ಟರೂ ನೆತ್ತಿಗೆ ಹತ್ತುತ್ತದೆ. ಅದಕ್ಕೆ ಮೂಗಿನಿಂದ ಹೊಟ್ಟೆಯವರೆಗೆ ರೈಲ್ಸ್ ಟ್ಯೂಬ್ (ಆರ್‌ಟಿ) ಹಾಕಿದ್ದಾರೆ. ಈ ಶುಕ್ರವಾರ ಡಿಸ್ಚಾರ್ಜ್ ಅಂದಿದ್ದಾರೆ.

ಡಿಸ್ಚಾರ್ಜ್ ಕಾಗದದ ಕರಡು ಇವತ್ತು ನೋಡಿದೆ. ಊಟದ ಬಗ್ಗೆ ಇರುವುದು ಒಂದೇ ಸಾಲು: "ಆರ್‌ಟಿ ಫೀಡ್ 200 ಮಿ.ಲೀ., 2 ಗಂಟೆಗೊಮ್ಮೆ." ಏನು ಕೊಡಬೇಕು, ರಾತ್ರಿಯೂ ಕೊಡಬೇಕಾ, ನೀರು ಎಷ್ಟು, ಟ್ಯೂಬ್ ಯಾವಾಗ ಬದಲಾಯಿಸಬೇಕು, ಏನೂ ಇಲ್ಲ. ಕೇಳಿದರೆ "ವಾರ್ಡಿನಲ್ಲಿ ಕೊಟ್ಟ ಹಾಗೇ ಮನೆಯಲ್ಲೂ ಕೊಡಿ" ಅಂದರು.

ಮನೆಯಲ್ಲಿ ಅಮ್ಮ (66), ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನಾನು ಎರಡು ವಾರ ರಜೆ ಹಾಕಿದ್ದೇನೆ. ಹಗಲಿಗೆ ಒಬ್ಬ ಅಟೆಂಡರ್ ಗೊತ್ತು ಮಾಡಿಕೊಳ್ಳೋಣ ಅಂತಿದ್ದೇವೆ. ಅಪ್ಪನಿಗೆ ಶುಗರ್ ಇದೆ. ಬೆಳಿಗ್ಗೆ, ಸಂಜೆ ಇನ್ಸುಲಿನ್. ಜೊತೆಗೆ ಒಂದು ಶುಗರ್ ಮಾತ್ರೆ, ರಕ್ತ ತೆಳುವಾಗಲು ಆಸ್ಪಿರಿನ್, ಗ್ಯಾಸ್ಟ್ರಿಕ್ ಮಾತ್ರೆ. ಸ್ಟ್ರೋಕಿಗೆ ಮುಂಚೆ 58 ಕೆಜಿ ಇದ್ದರು. ಮೊನ್ನೆ ತೂಕ ಹಾಕಿದಾಗ 52.

ಅಮ್ಮನ ಪ್ರಶ್ನೆ: ನಾನು ಮಾಡುವ ರಾಗಿ ಗಂಜಿ ಟ್ಯೂಬಿನಲ್ಲಿ ಹಾಕಬಹುದಾ? "ಮೂರು ವಾರದಿಂದ ಮನೆ ಊಟ ಇಲ್ಲ ಅವರಿಗೆ" ಅಂತ ಪ್ರತಿ ರಾತ್ರಿ ಹೇಳುತ್ತಾರೆ. ಮೈಸೂರಿನ ಭಾವ ಬೇರೆ, ಟ್ಯೂಬೆಲ್ಲ ಯಾಕೆ, ಮನೆಯಲ್ಲೇ ನರ್ಸ್ ಕರೆಸಿ ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ ಅನ್ನುತ್ತಾರೆ. ಪಕ್ಕದ ಬೆಡ್‌ನವರು ಹೊಟ್ಟೆಗೇ ಟ್ಯೂಬ್ ಹಾಕಿಸಿಬಿಡಿ ಅಂದರು.

ಯಾರಾದರೂ ಮನೆಯಲ್ಲಿ ಇದನ್ನು ಮಾಡಿದವರಿದ್ದರೆ ಹೇಳಿ. ಶುಕ್ರವಾರಕ್ಕೆ ಇನ್ನು ಮೂರೇ ದಿನ.

ವಿಜಯನಗರದ ಸೊಸೆ

ನಿಮ್ಮ ಪ್ರಶ್ನೆ ಓದಿ ಕೆಲಸ ಬಿಟ್ಟು ಕೂತು ಬರೆಯುತ್ತಿದ್ದೇನೆ. ನಮ್ಮತ್ತೆಗೆ ಸ್ಟ್ರೋಕ್ ಆದ ಮೇಲೆ 14 ತಿಂಗಳು ಟ್ಯೂಬಿನಲ್ಲೇ ಊಟ ಕೊಟ್ಟಿದ್ದೇನೆ. ಮೊದಲು ಮೂಗಿನದು, ಆಮೇಲೆ ಹೊಟ್ಟೆಯದು. ನಾನು ನರ್ಸ್ ಅಲ್ಲ, ಶಾಲೆಯಲ್ಲಿ ಲೆಕ್ಕ ಪತ್ರ ನೋಡುವವಳು. ನಾವು ಪಟ್ಟ ಪಾಡು ನೀವು ಪಡಬಾರದು, ಅದಕ್ಕೆ ಹೇಳುತ್ತಿದ್ದೇನೆ.

ಮೊದಲ ಮಾತು. ಆಸ್ಪತ್ರೆಯಲ್ಲಿ ಈ ಊಟದ ಹಿಂದೆ ನಾಲ್ಕೈದು ಜನ ಇದ್ದಾರೆ. ಡಾಕ್ಟರ್ ಬರೆಯುತ್ತಾರೆ, ಡಯಟೀಷಿಯನ್ ಲೆಕ್ಕ ಹಾಕುತ್ತಾರೆ, ಅಡುಗೆಮನೆಯವರು ಕಲಸಿ ಕಳಿಸುತ್ತಾರೆ, ಸಿಸ್ಟರ್ ಹಾಕುತ್ತಾರೆ, ಫಾರ್ಮಸಿಯವರು ಮಾತ್ರೆ ನೋಡುತ್ತಾರೆ. ಶುಕ್ರವಾರ ಸಂಜೆ ಅಷ್ಟೂ ಕೆಲಸ ನಿಮ್ಮ ತಾಯಿಯ ಕೈಗೆ ಬರುತ್ತದೆ. ಒಂದೇ ಒಂದು ಸಾಲಿನ ಕಾಗದದ ಜೊತೆ! ಅದಕ್ಕೆ ಈ ಮೂರು ದಿನ ನಿಮ್ಮ ಕೆಲಸ ಸಾಮಾನು ಕೊಳ್ಳುವುದಲ್ಲ. ಆ ಒಂದು ಸಾಲನ್ನು ಒಂದು ಪುಟ ಮಾಡಿಸಿಕೊಳ್ಳುವುದು. ದಿನಕ್ಕೆ ಒಟ್ಟು ಎಷ್ಟು ಮಿ.ಲೀ., ಎಷ್ಟು ಸಲ, ಯಾವ ಹೊತ್ತಿಗೆ, ಏನು, ಬೇರೆ ನೀರು ಎಷ್ಟು, ಯಾವ ಮಾತ್ರೆ ಹೇಗೆ. ಕೆಳಗೆ ಒಬ್ಬರ ಹೆಸರು, ರಾತ್ರಿ 11 ಗಂಟೆಗೂ ಎತ್ತುವ ಒಂದು ಫೋನ್ ನಂಬರ್. ಬರೆಸಿಕೊಳ್ಳದೆ ಬಿಲ್ ಕಟ್ಟಬೇಡಿ. ಊಟವೂ ಔಷಧಿಯ ಹಾಗೇ, ಚೀಟಿ ಬೇಕು.

ಎರಡನೆಯದು. ನಾಳೆಯಿಂದಲೇ ಸಿಸ್ಟರ್ ಪಕ್ಕದಲ್ಲಿ ನಿಂತಿರುವಾಗ ನೀವು ಮೂರು ಸಲ, ಅಮ್ಮ ಮೂರು ಸಲ ಸ್ವಂತ ಕೈಯಿಂದ ಫೀಡ್ ಕೊಡಿ. ನೋಡಿ ಕಲಿಯುವುದು ಬೇರೆ, ಮಾಡಿ ಕಲಿಯುವುದು ಬೇರೆ. ಅಟೆಂಡರ್ ಗೊತ್ತಾಗಿದ್ದರೆ ಅವರನ್ನೂ ವಾರ್ಡಿಗೆ ಕರೆಸಿ.

ಡಿಸ್ಚಾರ್ಜ್ ದಿನವೇ ನಮಗೆ ಏನಾಯಿತು ಅಂತ ಹೇಳುತ್ತೇನೆ. ಬೆಳಿಗ್ಗೆ 11ಕ್ಕೆ "ಹೊರಡಬಹುದು" ಅಂದರು. ಇನ್ಶೂರೆನ್ಸ್ ಒಪ್ಪಿಗೆ ಬರುವಷ್ಟರಲ್ಲಿ ಸಂಜೆ 7. ಮಧ್ಯಾಹ್ನ 2ರ ಫೀಡ್ ಆದ ಮೇಲೆ ಯಾರೂ ಕೊಡಲಿಲ್ಲ. ಹೊರಟವರು ಅಂತ ವಾರ್ಡಿನ ಲಿಸ್ಟಿನಿಂದ ಹೆಸರು ತೆಗೆದಿದ್ದರು. ಆದರೆ ಸಂಜೆಯ ಇನ್ಸುಲಿನ್ ಮಾತ್ರ ಕೊಟ್ಟು ಕಳಿಸಿದ್ದರು. ಮಾಗಡಿ ರಸ್ತೆಯ ಟ್ರಾಫಿಕ್ ದಾಟಿ ಮನೆ ಸೇರಿದಾಗ 9 ಗಂಟೆ. ಅತ್ತೆ ಬೆವರಿ ಒದ್ದೆಯಾಗಿದ್ದರು. ಕರೆದರೆ ಕಣ್ಣು ಬಿಡಲಿಲ್ಲ. ಶುಗರ್ ನೋಡಿದರೆ 58ಕ್ಕೆ ಇಳಿದಿತ್ತು. ಫೋನಿನಲ್ಲಿ ನಮ್ಮ ಫ್ಯಾಮಿಲಿ ಡಾಕ್ಟರ್ ಹೇಳಿದ ಹಾಗೆ ನಾಲ್ಕು ಚಮಚ ಗ್ಲೂಕೋಸ್ ನೀರಿನಲ್ಲಿ ಕಲಸಿ ಟ್ಯೂಬಿನಲ್ಲಿ ಬಿಟ್ಟೆವು. ಹದಿನೈದು ನಿಮಿಷಕ್ಕೆ ಕಣ್ಣು ಬಿಟ್ಟರು. ಆ ಹದಿನೈದು ನಿಮಿಷ ನನಗೆ ಈಗಲೂ ಮರೆತಿಲ್ಲ. ಶುಕ್ರವಾರ ಒಂದು ಚೀಲದಲ್ಲಿ ಸಿರಿಂಜ್, ಕಾಯಿಸಿ ಆರಿಸಿದ ನೀರು, ಒಂದು ಹೊತ್ತಿನ ಪೌಡರ್, ಗ್ಲೂಕೋಮೀಟರ್ ಇಟ್ಟುಕೊಳ್ಳಿ. ಬಿಲ್ ಎಷ್ಟು ತಡವಾದರೂ ಫೀಡ್ ತಪ್ಪಿಸಬೇಡಿ.

ಇನ್ನು ನಿಜವಾದ ಭಯದ ವಿಷಯ. ಟ್ಯೂಬ್ ಇರಬೇಕಾದ ಜಾಗದಲ್ಲಿ ಇದೆಯಾ ಅನ್ನುವುದು. ಮನೆಗೆ ಬಂದ ಒಂಬತ್ತನೇ ದಿನ ರಾತ್ರಿ ಅತ್ತೆಗೆ ತುಂಬ ಕೆಮ್ಮು ಬಂತು. ಬೆಳಿಗ್ಗೆ ನೋಡಿದರೆ ಮೂಗಿನ ಮೇಲಿನ ಪ್ಲಾಸ್ಟರ್ ಬೆವರಿಗೆ ಬಿಟ್ಟುಕೊಂಡಿತ್ತು. ಟ್ಯೂಬ್ ನಾಲ್ಕು ಬೆರಳು ಹೊರಗೆ ಬಂದಿತ್ತು. ಬಂದ ಅಟೆಂಡರ್ ಅದನ್ನು ಹಾಗೇ ಒಳಗೆ ತಳ್ಳಿದರು. ಸಿರಿಂಜಿನಿಂದ ಗಾಳಿ ಹಾಕಿ, ಹೊಟ್ಟೆ ಮೇಲೆ ಸ್ಟೆತೊಸ್ಕೋಪ್ ಇಟ್ಟು "ಶಬ್ದ ಬರ್ತಿದೆ, ಸರಿಯಾಗಿದೆ" ಅಂದರು. ನಾನೂ ನಂಬಿದೆ. 200 ಮಿ.ಲೀ. ಹಾಕಿದೆವು. ಅರ್ಧ ಗಂಟೆಯಲ್ಲಿ ಉಸಿರಾಟ ಗುರುಗುಟ್ಟಲು ಶುರುವಾಯಿತು, ತುಟಿ ನೀಲಿಯಾಯಿತು. ಫೀಡ್ ಶ್ವಾಸಕೋಶಕ್ಕೆ ಹೋಗಿತ್ತು. ಐಸಿಯುನಲ್ಲಿ ಆರು ದಿನ. ಬದುಕಿ ಬಂದರು.

ಅವತ್ತಿನಿಂದ ನಮ್ಮ ಮನೆ ನಿಯಮ ಇದು. ಟ್ಯೂಬ್ ಹಾಕಿ ಎಕ್ಸ್-ರೇ ನೋಡಿದ ಕೂಡಲೇ, ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ಅಳಿಸದ ಪೆನ್ನಿನಿಂದ ಒಂದು ಗೆರೆ. ಅಲ್ಲಿ ಎಷ್ಟು ಸೆಂಟಿಮೀಟರ್ ಅಂತ ಟ್ಯೂಬಿನ ಮೇಲೇ ಗುರುತುಗಳಿರುತ್ತವೆ. ಅತ್ತೆಯದು 56 ಇತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ 56 ಅಂತ ಬರೆದಿದ್ದೆ. ಪ್ರತಿ ಫೀಡಿಗೂ ಮುಂಚೆ ಗೆರೆ ನೋಡುವುದು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಗಂಟಲಲ್ಲಿ ಟ್ಯೂಬ್ ಸುತ್ತಿಕೊಂಡಿದೆಯಾ ನೋಡುವುದು. ಸಿರಿಂಜಿನಿಂದ ಸ್ವಲ್ಪ ಎಳೆದು ಪಿಎಚ್ ಪಟ್ಟಿಯ (ಆಮ್ಲ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕಾಗದ) ಮೇಲೆ ಒಂದು ಹನಿ ಬಿಡುವುದು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ರಸ. ಗೆರೆ ಸರಿದಿದ್ದರೆ, ಕೆಮ್ಮು ಬಂದಿದ್ದರೆ, ಒಂದು ಚೂರು ಅನುಮಾನ ಇದ್ದರೆ, ಫೀಡ್ ಇಲ್ಲ. ಸೀದಾ ಆಸ್ಪತ್ರೆ. ಹೊರಗೆ ಬಂದ ಟ್ಯೂಬನ್ನು ಮನೆಯಲ್ಲಿ ಯಾರೂ ಒಳಗೆ ತಳ್ಳಬಾರದು, ಎಷ್ಟೇ ಅನುಭವ ಇದೆ ಅಂದರೂ.

ಕೊಡುವ ರೀತಿ. ತಲೆ ಕಡೆ ಎತ್ತರ ಇರಲೇಬೇಕು, 30ರಿಂದ 45 ಡಿಗ್ರಿ. ದಿಂಬು ಇಟ್ಟು ಮಾಡಲು ಹೋಗಬೇಡಿ. ಹತ್ತು ನಿಮಿಷಕ್ಕೆ ಜಾರಿ ಕೆಳಗೆ ಬರುತ್ತಾರೆ, ಕತ್ತು ಮಾತ್ರ ಬಗ್ಗಿರುತ್ತದೆ. ಹಿಡಿ ತಿರುಗಿಸುವ ಮಂಚ ಬಾಡಿಗೆಗೆ ಸಿಗುತ್ತದೆ, ಗುರುವಾರವೇ ತರಿಸಿ. 50 ಮಿ.ಲೀ. ಸಿರಿಂಜಿನ ಹಿಂದಿನ ಒತ್ತುವ ಕಡ್ಡಿ ತೆಗೆದುಬಿಡಿ. ಟ್ಯೂಬನ್ನು ಬೆರಳಲ್ಲಿ ಮಡಚಿ ಹಿಡಿದು, ಸಿರಿಂಜ್ ಸಿಕ್ಕಿಸಿ, ಮೊದಲು 30 ಮಿ.ಲೀ. ನೀರು. ಆಮೇಲೆ ಫೀಡ್. ಸಿರಿಂಜನ್ನು ಅವರ ತಲೆಗಿಂತ ಒಂದು ಗೇಣು ಮೇಲೆ ಹಿಡಿದರೆ ಅದೇ ನಿಧಾನವಾಗಿ ಇಳಿಯುತ್ತದೆ. ಕೈ ಇಳಿಸಿದರೆ ನಿಲ್ಲುತ್ತದೆ. ಪೂರ್ತಿ ಖಾಲಿಯಾಗುವ ಮುಂಚೆ ಮುಂದಿನದನ್ನು ಸುರಿಯಬೇಕು, ಇಲ್ಲದಿದ್ದರೆ ಗಾಳಿ ಹೋಗಿ ಹೊಟ್ಟೆ ಉಬ್ಬುತ್ತದೆ. ಒಟ್ಟು ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು. ಕೊನೆಗೆ ಮತ್ತೆ 30 ಮಿ.ಲೀ. ನೀರು. ಆಮೇಲೂ ಮುಕ್ಕಾಲು ಗಂಟೆ ಮಂಚ ಇಳಿಸಬಾರದು. ಸ್ನಾನ, ಡೈಪರ್ ಎಲ್ಲ ಫೀಡಿಗೆ ಮುಂಚೆ.

ಈಗ ಅಮ್ಮನ ರಾಗಿ ಗಂಜಿ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನೂ ಹಾಗೇ ಶುರು ಮಾಡಿದೆ. ಒಲೆಯ ಮೇಲೆ ನೀರಿನ ಹಾಗೆ ಇರುವ ರಾಗಿ ಸರಿ ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ. ಸಿರಿಂಜಿನಲ್ಲಿ ಇಳಿದದ್ದು ಟ್ಯೂಬಿನ ಮಧ್ಯೆ ಅಂಟಿನ ಹಾಗೆ ನಿಂತುಬಿಡುತ್ತದೆ. ಎರಡು ಸಲ ಟ್ಯೂಬ್ ಕಟ್ಟಿಕೊಂಡು ಎರಡು ಸಲವೂ ಬದಲಾಯಿಸಬೇಕಾಯಿತು. ಪಾಪ, ಅತ್ತೆಗೆ ಮತ್ತೆ ಮೂಗಿಗೆ ಹಾಕುವಾಗ ಕಣ್ಣಲ್ಲಿ ನೀರು. ತೆಳ್ಳಗೆ ಮಾಡಿದರೆ ಇಳಿಯುತ್ತದೆ, ಆದರೆ ಹೊಟ್ಟೆ ತುಂಬುವುದು ನೀರಿನಿಂದ. ಎರಡು ತಿಂಗಳಲ್ಲಿ ಅತ್ತೆ ನಾಲ್ಕು ಕೆಜಿ ಇಳಿದಿದ್ದರು, ನಾವು ದಿನಾ ಹೊಟ್ಟೆ ತುಂಬ ಕೊಡುತ್ತಿದ್ದೇವೆ ಅಂದುಕೊಂಡೇ.

ಕೊನೆಗೆ ನಾವು ಮಾಡಿದ್ದು: ಮುಖ್ಯ ಊಟ ಡಯಟೀಷಿಯನ್ ಹೇಳಿದ ಪೌಡರ್. ಮಧ್ಯಾಹ್ನ ಒಂದು ಹೊತ್ತು ಮಾತ್ರ ಮನೆಯದು. ಹೆಸರುಬೇಳೆ, ಅನ್ನ, ಸ್ವಲ್ಪ ಕ್ಯಾರೆಟ್ ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ಹಳೆ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಒಂದು ಚಮಚ ಎಣ್ಣೆ. ಮಾಡಿದ ಕೂಡಲೇ ಕೊಡುವುದು, ಉಳಿದದ್ದು ಚೆಲ್ಲುವುದು. ಬಟ್ಟೆ ದಿನಾ ಕುದಿಸುವುದು. ನಿಮ್ಮ ತಾಯಿಗೆ ಆ ಒಂದು ಹೊತ್ತು ಬಿಟ್ಟುಕೊಡಿ, ಡಯಟೀಷಿಯನ್ ಒಪ್ಪಿದರೆ. ಅದು ಅವರಿಗೂ ಬೇಕು.

ಬಾಯಿಂದ ಊಟ ಇಲ್ಲ ಅಂತ ಬಾಯಿ ಮರೆಯಬೇಡಿ. ದಿನಕ್ಕೆ ಎರಡು ಮೂರು ಸಲ ಹಲ್ಲು, ನಾಲಿಗೆ ಒರೆಸಿ. ಬಾಯಿ ಕೊಳಕಾಗಿದ್ದರೆ ಆ ಜೊಲ್ಲೇ ಒಳಗೆ ಹೋಗಿ ನ್ಯುಮೋನಿಯಾ ತರುತ್ತದೆ.

ಮಾತ್ರೆ, ಹೊಟ್ಟೆಯ ಟ್ಯೂಬು ಇದೆಲ್ಲ ತಿಳಿದವರು ಹೇಳಲಿ.

ಡಯಟ್ ಲೆಕ್ಕ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ವಿಜಯನಗರದ ಮೇಡಂ ಹೇಳಿದ್ದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ನಿಮ್ಮ ಕಾಗದದ ಆ ಒಂದು ಸಾಲು ನೋಡಿ. 200 ಮಿ.ಲೀ. ಎರಡು ಗಂಟೆಗೊಮ್ಮೆ ಅಂದರೆ, ಇಡೀ ದಿನ ಕೊಟ್ಟರೆ 12 ಸಲ, 2400 ಮಿ.ಲೀ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕೊಟ್ಟರೆ 9 ಸಲ, 1800. ಒಂದೇ ಸಾಲಿಗೆ 600 ಮಿ.ಲೀ. ವ್ಯತ್ಯಾಸ! ಒಳಗೆ ಏನಿದೆ ಅನ್ನುವುದರ ಮೇಲೆ ಕ್ಯಾಲೊರಿ ಇನ್ನೂ ಬದಲಾಗುತ್ತದೆ.

ಲೆಕ್ಕ ಹಾಕುವ ರೀತಿ ಹೇಳುತ್ತೇನೆ, ನಿಮ್ಮ ವಾರ್ಡಿನ ಡಯಟೀಷಿಯನ್ ಹತ್ತಿರ ಕೂತು ಇದನ್ನೇ ಕೇಳಿ. ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ ಬೇಕು. 52 ಕೆಜಿಗೆ 1300ರಿಂದ 1560. ಪ್ರೋಟೀನ್ ಕೆಜಿಗೆ 1.2 ಗ್ರಾಂ ಹಿಡಿದರೆ 62 ಗ್ರಾಂ ಸುಮಾರು. ಮಿ.ಲೀ.ಗೆ ಒಂದು ಕ್ಯಾಲೊರಿ ಬರುವ ಹಾಗೆ ಕಲಸಿದ ಪೌಡರ್ 250 ಮಿ.ಲೀ. ಆರು ಸಲ ಕೊಟ್ಟರೆ 1500 ಕ್ಯಾಲೊರಿ ಆಯಿತು. ಲೀಟರಿಗೆ 40 ಗ್ರಾಂ ಪ್ರೋಟೀನ್ ಇರುವ ಪೌಡರ್ ಆದರೆ 60 ಗ್ರಾಂ. ಆರು ಸಲಕ್ಕೂ ಮುಂದೆ ಹಿಂದೆ 30 ಮಿ.ಲೀ. ನೀರು ಅಂದರೆ 360 ಮಿ.ಲೀ. ಫೀಡಿನೊಳಗಿನ ನೀರೂ ಸೇರಿ ಒಟ್ಟು ಒಂದೂವರೆ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ, ಜ್ವರ ಬಂದಾಗ ಜಾಸ್ತಿ ಬೇಕು. ಹೃದಯ, ಕಿಡ್ನಿ ತೊಂದರೆ ಇದ್ದರೆ ನೀರಿನ ಲೆಕ್ಕ ಡಾಕ್ಟರೇ ಹೇಳಬೇಕು. ಬೆಳಿಗ್ಗೆ 6, 9, 12, 3, 6, 9. ಹೀಗೆ ಮೂರು ಗಂಟೆಗೊಮ್ಮೆ ಮಾಡಿಕೊಂಡರೆ ರಾತ್ರಿ ಎಲ್ಲರಿಗೂ ನಿದ್ದೆ. 200ರಿಂದ 250ಕ್ಕೆ ಒಂದೇ ದಿನ ಹೋಗಬೇಡಿ, ವಾರ್ಡಿನಲ್ಲೇ ಏರಿಸಿ ಹೊಟ್ಟೆ ತಡೆಯುತ್ತದಾ ನೋಡಿಕೊಂಡು ಬನ್ನಿ. ಶುಗರ್ ಇರುವವರಿಗೆ ಬೇರೆ ಪೌಡರ್ ಇದೆ, ಅದನ್ನೂ ಕೇಳಿ.

ಕಲಸಿದ ಪೌಡರ್ ಹೊರಗೆ ನಾಲ್ಕು ಗಂಟೆಗಿಂತ ಜಾಸ್ತಿ ಇಡಬೇಡಿ. ಮಿಕ್ಸಿಯಲ್ಲಿ ಮಾಡಿದ ಮನೆ ಫೀಡ್ ಎರಡು ಗಂಟೆಯೂ ಬೇಡ. ಭೇದಿಯಾದರೆ ಎಲ್ಲರೂ ಮೊದಲು ಪೌಡರನ್ನೇ ಬೈಯುತ್ತಾರೆ. ನಾನು ನೋಡಿದ ಹಾಗೆ ಹೆಚ್ಚು ಸಲ ಕಾರಣ ಆಂಟಿಬಯೋಟಿಕ್, ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಇರುವ ಸಿರಪ್ಪು, ಇಲ್ಲವೇ ತೊಳೆಯದ ಸಿರಿಂಜ್.

ಭಾವನವರ ಬಾಟಲಿ ವಿಷಯ. ಅವರ ಕಾಳಜಿ ಸರಿ, ಆದರೆ ಲೆಕ್ಕ ನೋಡಿ. 5 ಪರ್ಸೆಂಟ್ ಡೆಕ್ಸ್‌ಟ್ರೋಸಿನ 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ 85 ಕ್ಯಾಲೊರಿ. ಪ್ರೋಟೀನ್ ಸೊನ್ನೆ. ನಾರ್ಮಲ್ ಸಲೈನ್ ಆದರೆ ಕ್ಯಾಲೊರಿಯೂ ಸೊನ್ನೆ. ಅದರಿಂದ ಊಟ ಆಗುವುದಿಲ್ಲ. ಪೂರ್ತಿ ಊಟವನ್ನೇ ರಕ್ತನಾಳಕ್ಕೆ ಕೊಡುವ ಟಿಪಿಎನ್ ಬೇರೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಎಂಬ ಸರ್ಜನ್ ಮತ್ತು ಅವರ ಜೊತೆಯವರು ಅದರಿಂದಲೇ ಒಂದು ಮಗುವನ್ನು ಬೆಳೆಸಿ ತೋರಿಸಿದರು. ಕರುಳೇ ಕೆಲಸ ಮಾಡದವರಿಗೆ, ಕರುಳು ಕತ್ತರಿಸಿ ತೆಗೆದವರಿಗೆ ಅದು ಜೀವ ಉಳಿಸುತ್ತದೆ. ಆದರೆ ದೊಡ್ಡ ರಕ್ತನಾಳದಲ್ಲಿ ಲೈನ್ ಬೇಕು, ರಕ್ತಕ್ಕೆ ಸೋಂಕು ತಗಲುವ ಅಪಾಯ ಇದೆ, ಪದೇ ಪದೇ ರಕ್ತ ಪರೀಕ್ಷೆ ಬೇಕು. ನಿಮ್ಮ ತಂದೆಯ ಕರುಳು ಚೆನ್ನಾಗಿದೆ. ಚೆನ್ನಾಗಿರುವ ಕರುಳನ್ನು ಬಿಟ್ಟು ರಕ್ತನಾಳಕ್ಕೆ ಹೋಗಬಾರದು.

ಒಂದು ಎಚ್ಚರಿಕೆ. ಮುಂದೆ ಎಂದಾದರೂ ಟ್ಯೂಬ್ ಬಿದ್ದು, ಜ್ವರ ಬಂದು, ಐದಾರು ದಿನ ಊಟ ಸರಿಯಾಗಿ ಹೋಗದೆ ಇದ್ದರೆ, ಮತ್ತೆ ಶುರು ಮಾಡುವಾಗ ಒಮ್ಮೆಲೇ ಪೂರ್ತಿ ಕೊಡಬೇಡಿ. ತುಂಬ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಷಿಯಮ್, ಮೆಗ್ನೀಷಿಯಮ್ ಕುಸಿಯುತ್ತದೆ, ಹೃದಯಕ್ಕೇ ತೊಂದರೆ. ಈ ಅಪಾಯ ಹೆಚ್ಚಿರುವವರಿಗೆ ದಿನಕ್ಕೆ ಕೆಜಿಗೆ 10 ಕ್ಯಾಲೊರಿ ಮೀರದ ಹಾಗೆ ಶುರು ಮಾಡಬೇಕು ಅಂತ ಬ್ರಿಟನ್ನಿನ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಊಟಕ್ಕೆ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಆಸ್ಪತ್ರೆಗೆ ಬನ್ನಿ.

ವಾರಕ್ಕೊಮ್ಮೆ ತೂಕ. ನಿಲ್ಲಲು ಆಗದಿದ್ದರೆ ಎಡಗೈ ತೋಳಿನ ಸುತ್ತಳತೆ ಟೇಪಿನಲ್ಲಿ, ಪ್ರತಿ ಸಲ ಒಂದೇ ಜಾಗದಲ್ಲಿ. ಬಲಗೈ ಸ್ಟ್ರೋಕಿನಿಂದಲೇ ಸೊರಗುತ್ತದೆ, ಅದನ್ನು ಅಳೆಯಬೇಡಿ.

ವಾರ್ಡ್ ಸಿಸ್ಟರ್

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಮಾತ್ರೆ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಮನೆಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ನಿಮ್ಮ ತಂದೆಯ ಮೂರೂ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ "ಇದನ್ನು ಪುಡಿ ಮಾಡಬಹುದಾ" ಅಂತ ಒಂದೊಂದಾಗಿ ಕೇಳಿ. ಶುಗರ್ ಮಾತ್ರೆಯ ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗಲು ಮಾಡಿದ್ದು. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಆಸ್ಪಿರಿನ್ ಮಾತ್ರೆಗಳಿಗೂ ಗ್ಯಾಸ್ಟ್ರಿಕ್ ಮಾತ್ರೆಗಳಿಗೂ ಹೆಚ್ಚಾಗಿ ಹೊಟ್ಟೆಯಲ್ಲಿ ಕರಗದ ಲೇಪ ಇರುತ್ತದೆ. ಕುಟ್ಟಿದರೆ ಆ ಲೇಪ ಹೋಯಿತು, ಪುಡಿ ಟ್ಯೂಬಿಗೂ ಅಂಟುತ್ತದೆ. ಬದಲಿಗೆ ನೀರಿನಲ್ಲಿ ಕರಗುವ ಮಾತ್ರೆ, ಸಿರಪ್ ಇರುತ್ತವೆ, ಬದಲಾಯಿಸಿ ಬರೆಯುತ್ತಾರೆ. ಕೊಡುವಾಗ ಒಂದೊಂದೇ ಮಾತ್ರೆ, ನಡುವೆ 10 ಮಿ.ಲೀ. ನೀರು. ಎಲ್ಲ ಒಟ್ಟಿಗೆ ಕುಟ್ಟಿ ಫೀಡಿಗೆ ಬೆರೆಸಬೇಡಿ. ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಅದು ಫೀಡಿನ ಜೊತೆ ಸರಿಯಾಗಿ ಹತ್ತುವುದಿಲ್ಲ, ಎಷ್ಟು ಹೊತ್ತಿನ ಅಂತರ ಅಂತ ಕೇಳಿಕೊಳ್ಳಿ.

ಇನ್ಸುಲಿನ್: ಫೀಡ್ ಕೈಯಲ್ಲಿ ಸಿದ್ಧ ಇದೆ, ಟ್ಯೂಬ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ. "ಫೀಡ್ ಕೊಡಲು ಆಗದಿದ್ದರೆ ಇನ್ಸುಲಿನ್ ಏನು ಮಾಡಲಿ" ಅನ್ನುವುದಕ್ಕೆ ಉತ್ತರ ಆ ಒಂದು ಪುಟದಲ್ಲಿ ಬರೆದಿರಬೇಕು.

ಗಾಳಿ ಹಾಕಿ ಶಬ್ದ ಕೇಳುವುದನ್ನು ನಂಬಬೇಡಿ ಅಂತ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಹೊಟ್ಟೆಯ ಮೇಲೆ ಶಬ್ದ ಕೇಳಿಸಬಹುದು. ಮೇಡಂ ಮನೆಯಲ್ಲಿ ಆದದ್ದು ಅದೇ. ಇನ್ನೊಂದು, ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುವವರಿಗೆ ಟ್ಯೂಬ್ ಹೊಟ್ಟೆಯಲ್ಲೇ ಇದ್ದರೂ ಪಿಎಚ್ 5.5ಕ್ಕಿಂತ ಮೇಲೆ ಬರಬಹುದು. ಫೀಡ್ ಆದ ಒಂದು ಗಂಟೆಯೊಳಗೆ ನೋಡಿದರೂ ಹಾಗೇ. ಆಗ ಎಕ್ಸ್-ರೇಯೇ ಗತಿ.

ಟ್ಯೂಬ್ ಕಟ್ಟಿಕೊಂಡರೆ ಬೆಚ್ಚನೆಯ ನೀರು ಹಾಕಿ ಮೆಲ್ಲಗೆ ಒತ್ತಿ, ಎಳೆದು ಮಾಡಿ. ಜೋರಾಗಿ ಒತ್ತಬೇಡಿ, ಒಳಗೆ ತಂತಿ ಹಾಕಲೇಬೇಡಿ. ಮಾಮೂಲಿ ಪಿವಿಸಿ ಟ್ಯೂಬ್ ಹೊಟ್ಟೆಯ ಆಮ್ಲಕ್ಕೆ ದಿನ ಕಳೆದ ಹಾಗೆ ಗಟ್ಟಿಯಾಗುತ್ತದೆ, ಬೇಗ ಬದಲಾಯಿಸಬೇಕು. ಸಿಲಿಕೋನ್ ಅಥವಾ ಪಾಲಿಯುರೆಥೇನ್ ಟ್ಯೂಬ್ ಮೆತ್ತಗಿರುತ್ತದೆ, ಜಾಸ್ತಿ ದಿನ ಬರುತ್ತದೆ, ಬೆಲೆಯೂ ಜಾಸ್ತಿ. ನಿಮ್ಮದು ಯಾವುದು, ಬದಲಾಯಿಸುವ ತಾರೀಖು ಯಾವುದು, ಬರೆಸಿಕೊಳ್ಳಿ.

ಹೊಟ್ಟೆಯ ಟ್ಯೂಬ್, ಅಂದರೆ ಪೆಗ್. ಎಂಡೋಸ್ಕೋಪಿ ಮಾಡಿ ಹೊಟ್ಟೆಯ ಗೋಡೆಯಿಂದ ಹಾಕುತ್ತಾರೆ. 1980ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಗಾಡರರ್ ಮತ್ತು ಪಾನ್‌ಸ್ಕಿ ಎಂಬ ವೈದ್ಯರು ಮೊದಲು ಇದನ್ನು ವಿವರಿಸಿದರು. ನಾಲ್ಕು ವಾರಕ್ಕಿಂತ ಜಾಸ್ತಿ ಟ್ಯೂಬ್ ಬೇಕಾಗುತ್ತದೆ ಅನ್ನಿಸಿದರೆ ಇದರ ಬಗ್ಗೆ ಯೋಚಿಸುತ್ತಾರೆ. ಸ್ಟ್ರೋಕ್ ಆದ ಮೊದಲ ಎರಡು ಮೂರು ವಾರ ಮೂಗಿನ ಟ್ಯೂಬೇ ಮೇಲು ಅಂತ 2005ರಲ್ಲಿ ಬಂದ ಫುಡ್ ಎಂಬ ದೊಡ್ಡ ಅಧ್ಯಯನ ತೋರಿಸಿತು. ಹಾಗಾಗಿ ನಿಮ್ಮ ಡಾಕ್ಟರ್ ಇಷ್ಟು ದಿನ ಕಾದದ್ದು ತಪ್ಪಲ್ಲ. ಈಗ ಕೇಳುವ ಸಮಯ ಬಂದಿದೆ. ಆದರೆ ಅದಕ್ಕೆ ಮುಂಚೆ ನುಂಗುವುದನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿ. ಸ್ಟ್ರೋಕ್ ಆದವರಲ್ಲಿ ತುಂಬ ಜನರಿಗೆ ನುಂಗುವ ಶಕ್ತಿ ವಾರಗಳಲ್ಲಿ ವಾಪಸ್ ಬರುತ್ತದೆ. ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಟ್ಯೂಬಿನಲ್ಲೇ ಇರುವವರನ್ನು ನೋಡಿದ್ದೇನೆ, ನನಗೆ ತುಂಬ ಬೇಜಾರಾಗುವುದು ಅದೇ. ಪೆಗ್ ಹಾಕಿದ ಮೇಲೆ ಅಕಸ್ಮಾತ್ ಕಿತ್ತು ಬಂದರೆ ಅದೇ ಗಂಟೆ ಆಸ್ಪತ್ರೆಗೆ ಓಡಿ, ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಹೊಸದಾಗಿ ಹಾಕಿದ್ದಾದರೆ ನೀವೇ ವಾಪಸ್ ಹಾಕಬೇಡಿ.

ಫೀಡಿನ ಸಿರಿಂಜಿಗೆ ಕೆಂಪು ಟೇಪ್ ಸುತ್ತಿಡಿ. ಕೈಯಲ್ಲಿ ಡ್ರಿಪ್ಪಿನ ಸೂಜಿಯೂ ಇರುವ ದಿನ ಎರಡೂ ಅದಲುಬದಲಾದರೆ ಜೀವಕ್ಕೇ ಅಪಾಯ.

ಕತ್ರಿಗುಪ್ಪೆ ವಾಸಿ

ಅಕ್ಕ, ಡಯಟ್ ಮೇಡಂ, ಸಿಸ್ಟರ್, ಮೂವರಿಗೂ ಕೈ ಮುಗಿದೆ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಗುರುವಾರ ಈ ಉತ್ತರಗಳನ್ನೆಲ್ಲ ಹಿಡಿದುಕೊಂಡು ವಾರ್ಡಿಗೆ ಹೋದೆ. ಡಯಟೀಷಿಯನ್ ಮೇಡಂ ಒಂದು ಗಂಟೆ ಕೂತು ಪೂರ್ತಿ ಪುಟ ಬರೆದುಕೊಟ್ಟರು. ಯಾರೂ ಕೇಳುವುದಿಲ್ಲ, ಅದಕ್ಕೆ ನಾವೂ ಬರೆಯುವುದಿಲ್ಲ ಅಂದರು. 250 ಮಿ.ಲೀ. ಆರು ಸಲ, ಅದರಲ್ಲಿ ಮಧ್ಯಾಹ್ನ 12ರದು ಅಮ್ಮನ ಬೇಳೆ ಅನ್ನ. ಶುಗರ್ ಮಾತ್ರೆ ಎಸ್‌ಆರ್ ಆಗಿತ್ತು, ವಾರ್ಡಿನಲ್ಲೂ ಅದನ್ನೇ ಕುಟ್ಟುತ್ತಿದ್ದರು. ಡಾಕ್ಟರ್ ಬದಲಾಯಿಸಿದರು. ಫೀಡ್ 250ಕ್ಕೆ ಏರಿಸಲು ಸಮಯ ಬೇಕು ಅಂತ ಡಿಸ್ಚಾರ್ಜನ್ನು ನಾವೇ ಕೇಳಿ ಸೋಮವಾರಕ್ಕೆ ಮುಂದೂಡಿಸಿದೆವು.

ಅಪ್ಪನ ಟ್ಯೂಬಿನ ಗೆರೆಯ ನಂಬರ್ 58. ಫ್ರಿಜ್ ಬಾಗಿಲ ಮೇಲೆ ಮಗಳು ಬರೆದು ಅಂಟಿಸಿದ್ದಾಳೆ. ಪ್ರತಿ ಫೀಡಿಗೂ ಮುಂಚೆ ಬಂದು "ತಾತ, ಐವತ್ತೆಂಟಾ?" ಅಂತ ಮೂಗಿನ ಹತ್ತಿರ ಬಗ್ಗಿ ನೋಡುತ್ತಾಳೆ. ನಿನ್ನೆ ಗೆರೆ ಒಂದು ಬೆರಳು ಹೊರಗಿದೆ ಅಂತ ಮೊದಲು ನೋಡಿದ್ದು ಅವಳೇ. ಫೀಡ್ ನಿಲ್ಲಿಸಿ, ಇನ್ಸುಲಿನ್ನೂ ನಿಲ್ಲಿಸಿ, ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿ ಎಕ್ಸ್-ರೇಗೆ ಕರೆದುಕೊಂಡು ಹೋದೆವು. ತುದಿ ಹೊಟ್ಟೆಯಲ್ಲೇ ಇತ್ತು. ಹೊಸ ಪ್ಲಾಸ್ಟರ್ ಹಾಕಿ ಕಳಿಸಿದರು.

ಪಿಎಚ್ ಪಟ್ಟಿ ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ. ಎಲ್ಲಿ ತಗೊಂಡಿರಿ ಅಕ್ಕ?

ವಿಜಯನಗರದ ಸೊಸೆ

ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತ ಸರ್ಜಿಕಲ್ ಅಂಗಡಿಗಳಿವೆ, ಅಲ್ಲಿ ಕೇಳಿ. ಲ್ಯಾಬ್ ಸಾಮಾನು ಮಾರುವವರ ಹತ್ತಿರವೂ ಇರುತ್ತದೆ. 0ಯಿಂದ 14ರವರೆಗಿನ ದೊಡ್ಡ ಪಟ್ಟಿ ಬೇಡ, ಅದರಲ್ಲಿ 5ಕ್ಕೂ 6ಕ್ಕೂ ಬಣ್ಣ ಒಂದೇ ಥರ ಕಾಣುತ್ತದೆ. ಅರ್ಧರ್ಧ ಅಂಕಿಗೆ ಬಣ್ಣ ಬದಲಾಗುವುದನ್ನು ಕೇಳಿ ತಗೊಳ್ಳಿ. ಡಬ್ಬಿ ಮುಚ್ಚಳ ಭದ್ರವಾಗಿ ಮುಚ್ಚಿಡಿ, ಮಳೆಗಾಲದಲ್ಲಿ ಬೇಗ ಹಾಳಾಗುತ್ತದೆ.

ಸ್ಪೀಚ್ ಥೆರಪಿಸ್ಟ್ ತಾರೀಖು ಸಿಕ್ಕಿತಾ?

ಕತ್ರಿಗುಪ್ಪೆ ವಾಸಿ

ಸಿಕ್ಕಿದೆ ಅಕ್ಕ, ಮುಂದಿನ ಬುಧವಾರ ಬೆಳಿಗ್ಗೆ 10ಕ್ಕೆ. 9ರ ಫೀಡ್ ಏನು ಮಾಡಬೇಕು ಅಂತ ಅವರನ್ನೇ ಕೇಳಿ ಬರೆದುಕೊಂಡಿದ್ದೇನೆ. ಇವತ್ತಿನ ತೂಕ 52.4.